ರಂಗೆಲ್ ತಲೆದೂಗಿದ ದಿನ

ರಂಗೆಲನಿಗೆ ಬೇಕಾಗಿದ್ದದ್ದು ಮರ ಕೊಯ್ಯುವ ಮೋಟಾರು ಗರಗಸ. ವೇಫರ್ ಬಿಸ್ಕತ್ತಿನ ನಲವತ್ತು ಹೊದಿಕೆಗಳನ್ನು ಲಕೋಟೆಗೆ ತುಂಬಿ ಕಳಿಸಿದವರಿಗೆ ಚೀಟಿ ಎತ್ತಿ ಬಹುಮಾನ ಕೊಡುತ್ತೇವೆಂದು ಕಂಪನಿಯವರು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸಿದ್ದರು. ಮೊದಲ ಬಹುಮಾನ ಗರಗಸ. ಎರಡು ಸಾವಿರದ ಎರಡನೆಯ ಇಸವಿಯ ಆ ಬೇಸಿಗೆಯೆಲ್ಲ ರಂಗೆಲ್ ಮತ್ತು ಅವನ ಹೆಂಡತಿ ಗಿನಾ ಊಟಕ್ಕೆ ಮೊದಲು ವೇಫರ್ ತಿಂದರು, ಊಟವಾದ ಮೇಲೆ ತಿಂದರು, ಕೆಲವು ದಿನ ಊಟದ ಬದಲಿಗೇ ತಿಂದರು. ಅಕ್ಟೋಬರ್ ಹೊತ್ತಿಗೆ ಅದರ ಫಲ ಎರಡು ರೂಪದಲ್ಲಿ ಬಂತು. ಗಿನಾಳ ದವಡೆಹಲ್ಲಿಗೆ ಹುಳುಕು ಹಿಡಿಯಿತು. ಅಂಚೆಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಸಾಮಾನೊಂದು ಬಂತು.

"ಗರಗಸದ ಮರಿ ಇರ್ಬೇಕು. ಹುಲ್ಲು ಹಾಕಿ ಸಾಕು, ದೊಡ್ಡದಾಗುತ್ತೆ," ಎಂದಳು ಗಿನಾ, ಕೆನ್ನೆ ಒತ್ತಿಕೊಂಡೇ.

ಅದು ಹಾಡು ಕೇಳುವ ಯಂತ್ರ, ಎಂಪಿತ್ರೀ, ಸಮಾಧಾನದ ಬಹುಮಾನ ಎಂದು ತಿಳಿಸಿದವನು ಊರ ಓದುಮನೆ ನೋಡಿಕೊಳ್ಳುವ ಪ್ರೊದಾನ್. ಊರಿಗಿದ್ದ ಒಂದೇ ಒಂದು ಕಂಪ್ಯೂಟರು ಓದುಮನೆಯಲ್ಲಿತ್ತು. ಅದರ ಮುಂದೆ ಕೂರುವ ಹಕ್ಕಿದ್ದ ಒಬ್ಬನೇ ಒಬ್ಬ ಪ್ರೊದಾನ್. ಅವನು ಯಂತ್ರಕ್ಕೆ ದಾರ ಕಟ್ಟಿ, ಒಂದು ಹಾಡಿಗೆ ಏಳೆಂಟು ನಿಮಿಷದಂತೆ ಒಂಬತ್ತು ಹಾಡು ತುಂಬಿಸಿದ. ಹತ್ತನೆಯದಕ್ಕೆ ಜಾಗವಿರಲಿಲ್ಲ. ಒಂಬತ್ತೂ ನಮ್ಮ ಮದುವೆಗಳಲ್ಲಿ ಕುಣಿಯುವ ಏಳೆಣಿಕೆಯ ಹಾಡುಗಳು: ತಕ, ತಕ, ತಕಿಟ, ತಕ, ತಕ, ತಕಿಟ. ಈ ತಾಳ ಕಿವಿಗೆ ಬಿದ್ದರೆ ಹೆಣವೂ ಪೆಟ್ಟಿಗೆಯೊಳಗೆ ಮಗ್ಗುಲು ಬದಲಿಸುತ್ತದೆ. ಜೀವವಿದ್ದವರಿಗಂತೂ ಮೊದಲು ಎಡಭುಜ ಆಡುತ್ತದೆ, ಆಮೇಲೆ ಬಲಭುಜ, ಆಮೇಲೆ ಇಡೀ ತಲೆ ತಕಿಟದ ಜೊತೆ ಒಂದು ಉದ್ದನೆಯ ಜೋಲಿ ಹೊಡೆಯುತ್ತದೆ.

ಬೇರೆ ದೇಶದಲ್ಲಾದರೆ ಇದರಿಂದ ಯಾರಿಗೂ ತೊಂದರೆಯಿಲ್ಲ. ಆದರೆ ನಮ್ಮ ಬಲ್ಗೇರಿಯದಲ್ಲಿ ತಲೆಯನ್ನು ಆಚೆ ಈಚೆ ತೂಗಿದರೆ ಹೌದು, ಗದ್ದವನ್ನು ಮೇಲೆ ಕೆಳಗೆ ಮಾಡಿದರೆ ಇಲ್ಲ. ಇದು ತಾಯಿಯ ಮೊಲೆಹಾಲಿನೊಂದಿಗೆ ಬಂದದ್ದು. ಅದರಲ್ಲೂ ನಮ್ಮ ಸ್ಲಿವಾಕ್ ಊರಿನಲ್ಲಿ ಇಬ್ಬರ ಎದುರು ತೂಗಿದ ತಲೆಯೆಂದರೆ ಕಾಗದದ ಮೇಲೆ ಹಾಕಿದ ರುಜು. ಪಾದ್ರಿ ಕೂಡ ಮದುಮಕ್ಕಳ ಬಾಯಿಯ ಮಾತನ್ನು ನಂಬುವುದಿಲ್ಲ, ಕುತ್ತಿಗೆ ನೋಡುತ್ತಾನೆ.

ರಂಗೆಲನಿಗೆ ಹುಟ್ಟಿನಿಂದ ಒಂದು ರೋಗವಿತ್ತು. ಅವನಿಗೆ ಇಲ್ಲ ಎನ್ನಲು ಬರುತ್ತಿರಲಿಲ್ಲ. ಯಾರಾದರೂ ಏನಾದರೂ ಕೇಳಿದರೆ ಸಾಕು, ಅವನ ಕಿವಿಗಳು ಸೂರಿನಡಿ ತೂಗುಹಾಕಿದ ಮೆಣಸಿನಕಾಯಿಯಂತೆ ಕೆಂಪಾಗಿ, ಕೊನೆಗೆ ತಲೆ ತಾನಾಗಿ ಆಚೆ ಈಚೆ ತೂಗಿಬಿಡುತ್ತಿತ್ತು. ಅವನ ಏಣಿ ಮೂರು ವರ್ಷದಿಂದ ನೆರೆಮನೆಯ ನೇದಾ ಚಿಕ್ಕಮ್ಮನ ಹುಲ್ಲಟ್ಟಕ್ಕೆ ಒರಗಿತ್ತು. ಅವನ ಮಳೆಕೋಟನ್ನು ಊರ ಮುಖ್ಯಸ್ಥ ಸ್ಪಿರಿದೋನ್ ಹಾಕಿಕೊಂಡು, ಮಳೆಯಲ್ಲಿ ನೆನೆಯುತ್ತ ನಿಂತ ರಂಗೆಲನನ್ನೇ, "ಏನಪ್ಪಾ, ಕೋಟಿಲ್ವಾ?" ಎಂದು ವಿಚಾರಿಸುತ್ತಿದ್ದ. ಎರಡು ವರ್ಷದ ಹಿಂದೆ ಯಾರೋ ಕೇಳಿದರೆಂದು ರಂಗೆಲ್ ಭಟ್ಟಿಯ ತನ್ನ ಸರದಿಯನ್ನೇ ಬಿಟ್ಟುಕೊಟ್ಟಿದ್ದ. ಆ ಚಳಿಗಾಲ ಅವನ ಮನೆಯಲ್ಲಿ ಕುಡಿಯಲು ಏನೂ ಇರಲಿಲ್ಲ. ಪೀಪಾಯಿಯ ಹಣ್ಣೆಲ್ಲ ಹುಳಿಯಾಗಿದ್ದರಿಂದ ಹುಳಿ ಹಾಕಿದ ಸೌತೆಕಾಯಿಗೆ ಮಾತ್ರ ಕೊರತೆಯಿರಲಿಲ್ಲ.

ಭಟ್ಟಿಯ ಸರದಿಯೆಂದರೆ ಹುಡುಗಾಟವಲ್ಲ. ಊರಿಗೆಲ್ಲ ಒಂದೇ ಭಟ್ಟಿ, ಹೊಳೆಯ ದಡದಲ್ಲಿ. ಯಾರು ಯಾವ ದಿನ ಪೀಪಾಯಿಯಲ್ಲಿ ಕೊಳೆಸಿದ ಪ್ಲಮ್ ಹಣ್ಣು, ಅಂದರೆ ಕೊಳೆ, ತಂದು ರಾಕಿಯಾ ಸಾರಾಯಿ ಇಳಿಸಬೇಕೆಂಬುದನ್ನು ಸೆಪ್ಟೆಂಬರಿನಲ್ಲೇ ಮುಖ್ಯಸ್ಥ ತನ್ನ ಟೋಪಿಯೊಳಗಿಂದ ಚೀಟಿ ಎತ್ತಿ ಹೇಳುತ್ತಾನೆ. ಈ ಸಲ ರಂಗೆಲನಿಗೆ ಬಂದದ್ದು ಅಕ್ಟೋಬರಿನ ಮೂರನೆಯ ಶನಿವಾರ. ಅವನ ಅಂಗಳದಲ್ಲಿ ಮೂರು ಪೀಪಾಯಿಗಳು ಕುದಿದು, ಗುಳುಗುಳು ಎಂದು, ಈಗ ಸುಮ್ಮನಾಗಿದ್ದವು. ಸುಮ್ಮನಾದ ಕೊಳೆಯನ್ನು ಮೂರು ನಾಲ್ಕು ದಿನದೊಳಗೆ ಭಟ್ಟಿಗೆ ಏರಿಸಬೇಕು. ಇಲ್ಲವಾದರೆ ಮತ್ತೆ ಹುಳಿಯೇ.

ಈ ಸಲ ಹುಳಿಯಾದರೆ ಸೌತೆಕಾಯಿಯಿಂದ ಮುಗಿಯುವ ಮಾತಾಗಿರಲಿಲ್ಲ. ನವೆಂಬರಿನ ಮೊದಲ ಭಾನುವಾರ ಮಗಳು ಕಲಿನಾಳ ಮದುವೆ. ವರನ ಅಪ್ಪ ಬೆಟ್ಟದಾಚೆಯವನು. ನಿಶ್ಚಯದ ದಿನವೇ ಹೇಳಿ ಹೋಗಿದ್ದ: "ಬೀಗರೇ, ಹುಡುಗಿಗೆ ಅಡುಗೆ ಬರದಿದ್ರೆ ನಮ್ಮವಳು ಕಲಿಸ್ತಾಳೆ. ಆದ್ರೆ ನಿಮ್ಮ ರಾಕಿಯಾ ಗ್ಲಾಸಲ್ಲಿ ಅಲುಗಿಸಿದಾಗ ಅಂಚಿಗೆ ಗುಳ್ಳೆಗಳ ಮಣಿ ಕಟ್ಟಬೇಕು. ಕಟ್ಟಲಿಲ್ಲವೋ, ನಾವು ಬಂದ ದಾರಿ ನಮಗೆ ಗೊತ್ತು."

ಶುಕ್ರವಾರ ಬೆಳಗಿನ ಬಸ್ಸಿಗೆ ಗಿನಾ ಹಲ್ಲು ಕೀಳಿಸಲು ಪಟ್ಟಣಕ್ಕೆ ಹೊರಟಳು. ಬಾಗಿಲಲ್ಲಿ ನಿಂತು ಗಂಡನ ಕೋಟಿನ ಗುಂಡಿ ಹಿಡಿದುಕೊಂಡಳು.

"ಕೇಳಿಲ್ಲಿ. ಸಂಜೆ ಆರರ ಬಸ್ಸಿಗೆ ಬರ್ತೀನಿ. ಅಲ್ಲೀವರೆಗೂ ಯಾರು ಏನ್ ಕೇಳಿದ್ರೂ ಹೂಂ ಅನ್ಬೇಡ."

"ಹೂಂ."

"ನೋಡು, ಈಗ್ಲೇ ಅಂದೆ."

"ನಿನಗಂದೆ ಮಾರಾಯ್ತಿ."

"ನನಗೂ ಅನ್ಬೇಡ. ಅಭ್ಯಾಸ ಆಗ್ಲಿ. ನಾಳೆ ಸರದಿಯನ್ನ ಯಾರಿಗಾದ್ರೂ ಕೊಟ್ಟೆಯೋ, ನಿನ್ನನ್ನೇ ಪೀಪಾಯೀಲಿ ಕೂರ್ಸಿ ಮುಚ್ಚಳ ಬಡೀತೀನಿ. ಬೀಗರು ಬಂದು ನಿನ್ನನ್ನೇ ಅಲುಗಿಸಿ ನೋಡ್ಲಿ, ಮಣಿ ಕಟ್ಟುತ್ತಾ ಅಂತ."

ಬಸ್ಸು ಹೋಯಿತು. ರಂಗೆಲ್ ಜಗಲಿಯ ಮೇಲೆ ಕುಳಿತು ಯೋಚಿಸಿದ. ಮನೆಯೊಳಗೆ ಅವಿತುಕೊಳ್ಳುವಂತಿರಲಿಲ್ಲ, ಭಟ್ಟಿಗೆ ಸೌದೆಯನ್ನು ಸರದಿಯವನೇ ಹಿಂದಿನ ದಿನ ಹಾಕಬೇಕು. ಭಟ್ಟಿಗೆ ಹೋಗಬೇಕಾದರೆ ಊರ ನಡುವೆ ಹಾಯಬೇಕು. ಊರ ನಡುವೆ ಹಾಯ್ದರೆ ಯಾರಾದರೂ ಏನಾದರೂ ಕೇಳುತ್ತಾರೆ. ಕೇಳಿದರೆ ಕಿವಿಗೆ ಬೀಳುತ್ತದೆ. ಕಿವಿಗೆ ಬಿದ್ದರೆ ಮುಗಿಯಿತು.

ಕಿವಿಗೆ ಬೀಳದಿದ್ದರೆ?

ರಂಗೆಲ್ ಐವತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ತನ್ನ ಬುದ್ಧಿಯನ್ನು ತಾನೇ ಮೆಚ್ಚಿಕೊಂಡ. ಯಂತ್ರವನ್ನು ಅಂಗಿಯ ಜೇಬಿನಲ್ಲಿಟ್ಟ. ಅದರ ತಂತಿಯ ತುದಿಯ ಎರಡು ಗುಂಡುಗಳನ್ನು ಕಿವಿಗೆ ತುರುಕಿ, ತುಪ್ಪಳದ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಮುಚ್ಚಿದ. ಗುಂಡಿ ಒತ್ತಿದ. ಊರು ಕಣ್ಣಿಗಷ್ಟೇ ಉಳಿದು ಕಿವಿಗೆ ಮಾಯವಾಯಿತು. ತಕ, ತಕ, ತಕಿಟ. ಅವನು ಕತ್ತೆಗೆ ಗಾಡಿ ಕಟ್ಟಿದ, ಸೌದೆ ಹೇರಿದ. ಗೇಟು ದಾಟುವ ಮುಂಚೆಯೇ ಅವನ ತಲೆ ತೂಗಲು ಶುರುವಾಗಿತ್ತು. ಅದು ಅವನಿಗೆ ತಿಳಿಯಲಿಲ್ಲ. ಮನುಷ್ಯನಿಗೆ ತನ್ನ ತಲೆ ಕಾಣಿಸುವುದಿಲ್ಲವಲ್ಲ.

ಮೊದಲು ಓಡಿಬಂದವಳು ನೇದಾ ಚಿಕ್ಕಮ್ಮ. ಕೈತುಂಬ ಹಿಟ್ಟು, ತಲೆವಸ್ತ್ರ ಬೆನ್ನಿಗೆ ಜಾರಿತ್ತು. ಅವಳ ಬಾಯಿ ಗಾಳಿಗೆ ಸಿಕ್ಕ ಕಿಟಕಿಯ ಹಾಗೆ ತೆರೆದು ಮುಚ್ಚುತ್ತಿತ್ತು. ಮುಷ್ಟಿಯನ್ನು ಕಿವಿಯ ಬಳಿ ಹಿಡಿದಳು. ಪಾಪ, ಇವಳಿಗೂ ಹಲ್ಲುನೋವು ಎಂದುಕೊಂಡ ರಂಗೆಲ್. ಆಮೇಲೆ ಅವನ ಪೀಪಾಯಿಗಳ ಕಡೆ ಬೆರಳು ಮಾಡಿದಳು, ತನ್ನ ಕುದುರೆಗಾಡಿಯ ಕಡೆ ಬೆರಳು ಮಾಡಿದಳು, ಎರಡು ಬೆರಳು ಎತ್ತಿ ತೋರಿಸಿದಳು. ಓಹೋ, ಏಣಿ ಸಾಲದೆ ಈಗ ಎರಡು ಪೀಪಾಯಿಯೂ ಬೇಕೇನೋ! ರಂಗೆಲನ ಕಿವಿ ಕೆಂಪಾಗಲಿಲ್ಲ. ಒಳಗೆ ಕ್ಲಾರಿನೆಟ್ಟು ಊದುತ್ತಿತ್ತು. ಅವನು ಅವಳ ಮುಖವನ್ನೇ ನೋಡುತ್ತ, ಮುಗುಳ್ನಗುತ್ತ ನಿಂತ.

ನೇದಾ ಚಿಕ್ಕಮ್ಮ ಶಿಲುಬೆಯ ಗುರುತು ಹಾಕಿಕೊಂಡು ಅವನ ಎರಡು ಕೆನ್ನೆಗೂ ಮುತ್ತಿಟ್ಟು, ಹಿಟ್ಟು ಬಳಿದು, ಊರ ಕಡೆಗೆ ಓಡಿದಳು.

ರಂಗೆಲ್ ಬೆರಗಾದ. ಕೇಳಿದ್ದು ಕೊಡದಿದ್ದರೆ ಮುತ್ತು ಕೊಡುತ್ತಾರೆಂದು ಮೊದಲೇ ಗೊತ್ತಿದ್ದರೆ ಇಷ್ಟು ವರ್ಷ ಏಣಿ, ಕೋಟು ಎಲ್ಲ ಕಳೆದುಕೊಳ್ಳುತ್ತಿರಲಿಲ್ಲ.

ಚೌಕದಲ್ಲಿ ಬೊಗೊಮಿಲನ ಹೆಂಡದಂಗಡಿ. ಬೊಗೊಮಿಲ್ ಹೊರಗೆ ಬಂದು ಕತ್ತೆಯ ಲಗಾಮು ಹಿಡಿದ. ಅವನ ಹಿಂದೆ ಅವನ ಇಬ್ಬರು ಅಳಿಯಂದಿರು. ಮದುವೆಯಾದಾಗಿನಿಂದ ಮಾವನ ಮನೆಯಲ್ಲೇ ತಿಂದು ಬಾಗಿಲ ಅಗಲಕ್ಕೆ ಬೆಳೆದವರು. ಬೊಗೊಮಿಲ್ ಏನೋ ಹೇಳುತ್ತ ಗಾಳಿಯಲ್ಲಿ ಪೀಪಾಯಿಯೊಂದನ್ನು ತಬ್ಬಿದ. ಅಳಿಯಂದಿರು ತೋಳು ಮಡಿಸಿ ಮಾಂಸಖಂಡ ತೋರಿಸಿದರು. ಹಾಗೋ ಸಮಾಚಾರ! ಇಡೀ ಪೀಪಾಯಿ ಇವನಿಗೆ ಬೇಕು, ಕೊಡದಿದ್ದರೆ ಇವರ ಕೈಯಲ್ಲಿ ಹೊಡೆಸುತ್ತಾನೆ ಎಂದುಕೊಂಡ ರಂಗೆಲ್. ಹೆದರಿಕೆಯಾಯಿತು. ಆದರೂ ತುಟಿ ಬಿಚ್ಚಲಿಲ್ಲ. ತಕ, ತಕ, ತಕಿಟ.

ಬೊಗೊಮಿಲ್ ಅವನ ಬೆನ್ನು ತಟ್ಟಿ, ಒಳಗೆ ಹೋಗಿ, ಗ್ಲಾಸೊಂದನ್ನು ತುಂಬಿ ತಂದು ಕೈಗಿಟ್ಟ. ಬಿಟ್ಟಿಯಾಗಿ. ಬೊಗೊಮಿಲ್ ತನ್ನ ಅಪ್ಪನ ತಿಥಿಗೂ ನೀರು ಬೆರೆಸಿ ಕೊಟ್ಟವನು. ಕುಡಿದು ನೋಡಿದರೆ ನೀರಿರಲಿಲ್ಲ. ಗಟ್ಟಿಯಾಗಿ ನಿಂತ ಗಂಡಸಿಗೆ ಲೋಕ ಹೇಗೆ ಹೆದರುತ್ತದೆ ನೋಡು ಎಂದು ರಂಗೆಲ್ ಗ್ಲಾಸು ಬರಿದು ಮಾಡಿ ಕತ್ತೆಯನ್ನು ಮುಂದೆ ಹೊಡೆದ.

ಚೌಕದ ಆಚೆ ತುದಿಯ ಪಂಚಾಯಿತಿ ಕಚೇರಿಯ ಮುಂದೆ ಮುಖ್ಯಸ್ಥ ಸ್ಪಿರಿದೋನ್ ಮೆಟ್ಟಿಲಿಳಿದು ಬಂದ. ಮೈಮೇಲೆ ರಂಗೆಲನ ಮಳೆಕೋಟು. ಜೊತೆಗೆ ಅವನ ಭಾವಮೈದ ಹರಲಂಪಿ. ನೇದಾ ಚಿಕ್ಕಮ್ಮ ಆಗಲೇ ಅಲ್ಲಿದ್ದಳು. ಬೊಗೊಮಿಲನೂ ಬಂದು ಸೇರಿಕೊಂಡ. ಸ್ಪಿರಿದೋನ್ ಮಾತಾಡಲು ನಿಂತ. ಈ ಮನುಷ್ಯ ಹಳೆ ಸರಕಾರದಲ್ಲೂ ಮುಖ್ಯಸ್ಥ, ಹೊಸ ಸರಕಾರದಲ್ಲೂ ಮುಖ್ಯಸ್ಥ. ಮಧ್ಯೆ ಭಾಷಣ ನಿಲ್ಲಿಸಲು ಅವನಿಗೆ ಪುರುಸೊತ್ತೇ ಆಗಿರಲಿಲ್ಲ. ಅವನು ಕೈ ಆಡಿಸಿದ, ಹರಲಂಪಿಯನ್ನು ತೋರಿಸಿದ, ಹೊಳೆಯ ಕಡೆ ತೋರಿಸಿದ, ಗಡಿಯಾರ ತೋರಿಸಿದ. ಆ ಹೊತ್ತಿಗೆ ಆರನೆಯ ಹಾಡು ಬಂದಿತ್ತು. ಒಂಬತ್ತರಲ್ಲಿ ಅದೇ ರಾಜ. ರಂಗೆಲನಿಗೆ ಕಣ್ಣು ತಾನಾಗಿ ಮುಚ್ಚಿತು. ತಲೆ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ಮತ್ತೆ ಎಡಕ್ಕೆ ಜೋಲಿಯೆದ್ದಿತು.

ಕಣ್ಣು ಬಿಟ್ಟಾಗ ಹರಲಂಪಿ ಅವನನ್ನು ತಬ್ಬಿಕೊಂಡಿದ್ದ. ಕಣ್ಣಲ್ಲಿ ನೀರು ಕೂಡ ಇತ್ತು.

ಹೊಳೆಯ ಸೇತುವೆ ತಲುಪುವಾಗ ಮಧ್ಯಾಹ್ನವಾಯಿತು. ರಂಗೆಲ್ ಗಾಡಿ ನಿಲ್ಲಿಸಿ ಬ್ರೆಡ್ಡು, ಉಪ್ಪು ಗಿಣ್ಣು ಬಿಚ್ಚಿದ. ಕುತ್ತಿಗೆ ಏಕೋ ನೋಯುತ್ತಿತ್ತು. ಅವನ ತಲೆಯ ಮೇಲೆ ಕಂಬವೊಂದಿತ್ತು, ಕಂಬದ ಮೇಲೆ ಪಂಚಾಯಿತಿಯ ಧ್ವನಿವರ್ಧಕ. ದಿನಾ ಹನ್ನೆರಡಕ್ಕೆ ಅದರಲ್ಲಿ ಊರ ಸುದ್ದಿ ಬರುತ್ತದೆ. ಒಂಬತ್ತನೆಯ ಹಾಡು ನಡುದಾರಿಯಲ್ಲಿ ಒಮ್ಮೆ ಬಿಕ್ಕಿ, ಎಳೆದು, ನಿಂತುಹೋಯಿತು. ಬ್ಯಾಟರಿ ಸತ್ತಿತ್ತು. ಆ ಮೌನದೊಳಕ್ಕೆ ಸ್ಪಿರಿದೋನನ ಧ್ವನಿ ಆಕಾಶವಾಣಿಯಂತೆ ಇಳಿಯಿತು.

"...ನಾಳೆ ಶನಿವಾರದ ಭಟ್ಟಿ ಸರದಿ ಹರಲಂಪಿಗೆ ಸೇರತಕ್ಕದ್ದು. ಇದಕ್ಕೆ ರಂಗೆಲ್ ಚೌಕದಲ್ಲಿ ತಲೆದೂಗಿ ಒಪ್ಪಿರುತ್ತಾನೆ. ಒಂದು ಸಲ ಅಲ್ಲ, ನಾನು ಎಣಿಸಿದಂತೆ ಇಪ್ಪತ್ತಕ್ಕೂ ಹೆಚ್ಚು ಸಲ. ಸಾಕ್ಷಿ ನೇದಾ, ಸಾಕ್ಷಿ ಬೊಗೊಮಿಲ್."

ರಂಗೆಲನ ಬಾಯಿಂದ ಗಿಣ್ಣು ಬಿತ್ತು. ಕೈ ತಾನಾಗಿ ಕುತ್ತಿಗೆಗೆ ಹೋಯಿತು. ನೋವಿನ ಕಾರಣ ಒಮ್ಮೆಗೇ ಹೊಳೆಯಿತು. ಅಯ್ಯೋ ತಲೆಯೇ! ಬೆಳಿಗ್ಗೆಯಿಂದ ನೀನು ಹೂಂ, ಹೂಂ, ಹೂಂ ಎಂದು ಊರೆಲ್ಲ ಮೆರವಣಿಗೆ ಹೋಗಿದ್ದೀಯಲ್ಲ! ನೇದಾಗೆ ಎರಡು ಪೀಪಾಯಿ, ಬೊಗೊಮಿಲನಿಗೆ ಒಂದು, ಹರಲಂಪಿಗೆ ಸರದಿ. ಅಲ್ಲಿಗೆ ಲೆಕ್ಕ ಚುಕ್ತಾ.

ಧ್ವನಿವರ್ಧಕದಲ್ಲಿ ಯಾವ ಸುದ್ದಿಯನ್ನೂ ಎರಡು ಸಲ ಓದುವುದು ವಾಡಿಕೆ. ಸ್ಪಿರಿದೋನ್ ಗಂಟಲು ಸರಿಮಾಡಿಕೊಂಡು ಮೊದಲಿನಿಂದ ಶುರುಮಾಡಿದ. ಆದರೆ ಅಷ್ಟರಲ್ಲಿ ರಂಗೆಲ್ ಕತ್ತೆಯನ್ನು ತಿರುಗಿಸುತ್ತ, ಅದರ ತಾಯಿಯನ್ನೂ ಮುಖ್ಯಸ್ಥನ ತಾಯಿಯನ್ನೂ ವೇಫರ್ ಕಂಪನಿಯವರ ತಾಯಿಯನ್ನೂ ಎಷ್ಟು ಗಟ್ಟಿಯಾಗಿ ನೆನೆಯುತ್ತಿದ್ದನೆಂದರೆ ಅವನಿಗೆ ಬೇರೇನೂ ಕೇಳಿಸಲಿಲ್ಲ.

ಓದುಮನೆಯಲ್ಲಿ ಪ್ರೊದಾನ್ ಕಂಪ್ಯೂಟರಿನಲ್ಲಿ ಇಸ್ಪೀಟು ಆಡುತ್ತಿದ್ದ.

"ಸುದ್ದಿ ಕೇಳಿದ್ಯಾ?" ಎಂದ ರಂಗೆಲ್, ಏದುಸಿರು ಬಿಡುತ್ತ.

"ಯಾವ್ ಸುದ್ದಿ? ಈ ಗೋಡೆ ಮೇಲಿನ ಧ್ವನಿವರ್ಧಕದ ತಂತಿ ಕಿತ್ತು ನಾಲ್ಕು ವರ್ಷ ಆಯ್ತು ರಂಗೆಲಣ್ಣ. ಅಂದಿನಿಂದ ನನ್ನ ಜೀರ್ಣಶಕ್ತಿ ಸುಧಾರಿಸಿದೆ."

ರಂಗೆಲ್ ನಡೆದದ್ದನ್ನೆಲ್ಲ ಹೇಳಿದ. ಪ್ರೊದಾನ್ ಕನ್ನಡಕ ತೆಗೆದು ಒರೆಸಿದ.

"ಹಾಗಾದ್ರೆ ಹೋಗಿ ಇಲ್ಲ ಅಂದ್ಬಿಡು. ನಾಲ್ಕು ಮನೆ, ನಾಲ್ಕು ಸಲ ಇಲ್ಲ. ಅಷ್ಟೇ ತಾನೆ?"

"ಅಷ್ಟೇನಾ? ನಾನು ಇಲ್ಲ ಅನ್ನೋಷ್ಟು ಗಂಡಸಾಗಿದ್ರೆ ಕಿವಿಗೆ ಇದನ್ನ ಯಾಕಪ್ಪಾ ತುರುಕ್ಕೋತಿದ್ದೆ? ಅವ್ರು ಬಾಯ್ ತೆರೆದ್ರೆ ಸಾಕು, ನಾನು ಕರಗಿ ಹೋಗ್ತೀನಿ. ಗಿನಾ ಆರಕ್ಕೆ ಬರ್ತಾಳೆ ಪ್ರೊದಾನ್. ಏನಾದ್ರೂ ಮಾಡು."

ಪ್ರೊದಾನ್ ಸ್ವಲ್ಪ ಹೊತ್ತು ಅವನ ಕುತ್ತಿಗೆಯನ್ನೇ ದಿಟ್ಟಿಸಿದ. ಆಮೇಲೆ ಅವನ ಮುಖದಲ್ಲಿ, ಇಡೀ ಜೀವಮಾನ ಯಾರಾದರೂ ಇಂಥದ್ದೊಂದು ಕೇಳಲಿ ಎಂದು ಕಾದಿದ್ದವನ ಬೆಳಕು ಮೂಡಿತು.

"ಹೂಂ ಅನ್ಸೋ ಹಾಡಿದ್ರೆ, ಊಹೂಂ ಅನ್ಸೋದೂ ಇರ್ಬೇಕಲ್ಲ. ಕೂತ್ಕೋ."

ಅವನು ಒಂದೊಂದೇ ಹಾಡು ಹಾಕಿ ರಂಗೆಲನ ತಲೆಯನ್ನು ಗಮನಿಸಿದ. ಕುರುಬರ ಕೊಳಲಿಗೆ ತಲೆ ಎದೆಯ ಮೇಲೆ ಬಿದ್ದು ನಿದ್ದೆಹೋಯಿತು. ನಗರದವರ ಡಿಸ್ಕೋ ಹಾಡಿಗೆ ತಲೆ ಗುಂಡಗೆ ಸುತ್ತಿತು. "ಇದು ಹೂಂ ಕೂಡ ಅಲ್ಲ, ಊಹೂಂ ಕೂಡ ಅಲ್ಲ. ಇದು ಮಂತ್ರಿಗಳಿಗೆ ಆಗುತ್ತೆ," ಎಂದು ಪ್ರೊದಾನ್ ತೆಗೆದುಹಾಕಿದ. ಕೊನೆಗೆ ಕಂಪ್ಯೂಟರಿನ ಧೂಳು ಹಿಡಿದ ಮೂಲೆಯಿಂದ ಹಿತ್ತಾಳೆ ವಾದ್ಯದ ಒಂದು ಮೆರವಣಿಗೆಯ ಹಾಡು ಸಿಕ್ಕಿತು. ಹಳೆ ಸರಕಾರದ ಕಾಲದಲ್ಲಿ ಮೇ ತಿಂಗಳ ಒಂದನೆಯ ತಾರೀಕು ಊರೆಲ್ಲ ಹೆಜ್ಜೆ ಹಾಕುತ್ತಿದ್ದದ್ದು. ಧಂ, ಧಂ, ಧಂ, ಧಂ. ರಂಗೆಲನ ಗದ್ದ ಸುತ್ತಿಗೆಯಂತೆ ಮೇಲೆದ್ದು ಕೆಳಗಿಳಿಯಿತು. ಇಲ್ಲ, ಇಲ್ಲ, ಇಲ್ಲ, ಇಲ್ಲ.

ಪ್ರೊದಾನ್ ಕಕ್ಕಾಬಿಕ್ಕಿಯಾದ. "ಅಲ್ಲ ರಂಗೆಲಣ್ಣ, ನಲವತ್ತು ವರ್ಷ ಈ ಹಾಡಿಗೆ ಊರಿಗೂರೇ ಇಲ್ಲ ಇಲ್ಲ ಅಂತ್ಲೇ ಮೆರವಣಿಗೆ ಮಾಡಿದ್ದೀವಿ. ವೇದಿಕೆ ಮೇಲಿದ್ದ ಒಬ್ಬನಾದ್ರೂ ನೋಡ್ಲಿಲ್ವಲ್ಲ!"

ಯಂತ್ರದಲ್ಲಿದ್ದ ಒಂಬತ್ತು ಹಾಡನ್ನೂ ಅಳಿಸಿ ಅದೊಂದನ್ನೇ ತುಂಬಿಸಿದರು. ಅಂಥ ಸಣಕಲು ಬ್ಯಾಟರಿ ಊರಲ್ಲಿ ಮಾರುವುದಿಲ್ಲ. ಪ್ರೊದಾನ್ ತನ್ನ ಟೀವಿಯ ರಿಮೋಟಿನಿಂದ ಒಂದನ್ನು ಕಿತ್ತುಕೊಟ್ಟ. "ಹಳೇದು. ಸಂಜೆವರೆಗೂ ಬರ್ಬಹುದು. ಬೇಗ ಬೇಗ ಇಲ್ಲ ಅಂದು ಮುಗ್ಸು."

ಕಚೇರಿಯ ಮೆಟ್ಟಿಲ ಬಳಿ ಸ್ಪಿರಿದೋನ್ ಮತ್ತು ಹರಲಂಪಿ ನಿಂತಿದ್ದರು. ರಂಗೆಲ್ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದ ಮಾತನ್ನು ಕಣ್ಣುಮುಚ್ಚಿ ಉಸುರಿದ: "ಬೆಳಿಗ್ಗೆ ತೂಗಿದ ತಲೆ ರದ್ದು. ನನ್ನ ಶನಿವಾರ ನನಗೇ." ತಕ್ಷಣ ಗುಂಡಿ ಒತ್ತಿದ. ಧಂ, ಧಂ, ಧಂ, ಧಂ.

ಸ್ಪಿರಿದೋನನ ಹುಬ್ಬು ಟೋಪಿಯೊಳಗೆ ಹೋಯಿತು. ಅವನು ಹೊಳೆಯ ಕಡೆ ತೋರಿಸಿದ, ಗಡಿಯಾರ ತಟ್ಟಿದ, ಎರಡು ಬೆರಳು ತೋರಿಸಿದ, ಮಳೆಕೋಟಿನ ಗುಂಡಿ ಬಿಚ್ಚಿ ಎದೆ ಬಡಿದುಕೊಂಡ. ಇಲ್ಲ. ಇಲ್ಲ. ಹರಲಂಪಿ ರಂಗೆಲನ ತೋಳು ಹಿಡಿದು ಅಲುಗಿಸಿದ. ಇಲ್ಲ. ಕೊನೆಗೆ ಹರಲಂಪಿ ಭಾವನ ಮುಖ ನೋಡಿ, ಭುಜ ಹಾರಿಸಿ, ಏನೋ ತುರ್ತು ನೆನಪಾದವನಂತೆ ತನ್ನ ಮನೆಯ ಕಡೆ ಓಡಿದ.

ಗೆದ್ದ ಹುರುಪಿನಲ್ಲಿ ರಂಗೆಲ್ ಮನೆಗೆ ಬಂದರೆ ಅಂಗಳದಲ್ಲಿ ಹಗಲುದರೋಡೆ ನಡೆಯುತ್ತಿತ್ತು. ನೇದಾ ಚಿಕ್ಕಮ್ಮನ ಕುದುರೆಗಾಡಿ ಗೇಟಿನೊಳಗೆ ನಿಂತಿತ್ತು. ಎರಡು ಪೀಪಾಯಿ ಆಗಲೇ ಗಾಡಿ ಏರಿದ್ದವು. ಮೂರನೆಯದನ್ನು ಬೊಗೊಮಿಲನ ಅಳಿಯಂದಿರು ತಬ್ಬಿಕೊಂಡು ತಿಣುಕುತ್ತಿದ್ದರು. ಬೊಗೊಮಿಲ್ ಸೊಂಟಕ್ಕೆ ಕೈಯಿಟ್ಟು ಮೇಸ್ತ್ರಿಕೆ ಮಾಡುತ್ತಿದ್ದ.

"ಇಳಿಸ್ರೋ!" ಎಂದು ರಂಗೆಲ್ ಕೂಗಿದ. ತನ್ನ ಕೂಗು ತನಗೇ ಕೇಳಿಸದಿದ್ದರಿಂದ ಅದು ಬೆಟ್ಟದಾಚೆಯ ಬೀಗರಿಗೂ ಕೇಳಿಸುವಷ್ಟಿತ್ತು. "ಇಳಿಸ್ರಿ ನನ್ನ ಪೀಪಾಯಿ! ಬೆಳಿಗ್ಗೆ ಹೂಂ ಅಂದಿದ್ದೆಲ್ಲ ಊಹೂಂ!"

ನೇದಾ ಚಿಕ್ಕಮ್ಮ ಎರಡು ಕೈಯಲ್ಲೂ ತಲೆಗೂದಲು ಹಿಡಿದುಕೊಂಡಳು. ಮುಷ್ಟಿಯನ್ನು ಮತ್ತೆ ಮತ್ತೆ ಕಿವಿಗೆ ಬಡಿದುಕೊಂಡಳು. ನಿನಗೆ ತಲೆ ಕೆಟ್ಟಿದೆ ಎನ್ನುತ್ತಿದ್ದಾಳೆಂದು ರಂಗೆಲನಿಗೆ ಅರ್ಥವಾಯಿತು. ಬೊಗೊಮಿಲ್ ಅವನ ಮುಖದ ಮುಂದೆ ಬಂದು ಉಗುಳು ಹಾರುವಂತೆ ಕೂಗಿದ. ಧಂ, ಧಂ. ಇಲ್ಲ, ಇಲ್ಲ. ಅಳಿಯಂದಿರು ಪೀಪಾಯಿಗಳನ್ನು ಕೆಳಗಿಳಿಸಿ, ಒಂದನ್ನು ಬೇಕೆಂದೇ ರಂಗೆಲನ ಪಾದದ ಪಕ್ಕ ಧೊಪ್ಪೆಂದು ಕುಕ್ಕಿ, ಹೊರಟುಹೋದರು. ನೇದಾ ಚಿಕ್ಕಮ್ಮ ಹೋಗುವಾಗ ನೆಲಕ್ಕೆ ಮೂರು ಸಲ ಉಗಿದಳು. ಮತ್ತೆ ಒಂದು ನಿಮಿಷಕ್ಕೆ ತಿರುಗಿ ಬಂದು ಏಣಿಯನ್ನು ಅಂಗಳಕ್ಕೆ ಎಸೆದು ಹೋದಳು.

ಏಣಿ ಕೂಡ ಬಂತು! ರಂಗೆಲ್ ನಡುವಿನ ಪೀಪಾಯಿಯ ಮೇಲೆ ಕಾಲು ಇಳಿಬಿಟ್ಟು ಕುಳಿತ. ಎದೆಯೊಳಗೆ ಹಿತ್ತಾಳೆ ವಾದ್ಯ ಮೊಳಗುತ್ತಿತ್ತು. ಹೊಳೆಯ ಕಡೆ ಭಟ್ಟಿಯ ಹೊಗೆ ಏಳುತ್ತಿತ್ತು. ಯಾರದ್ದೋ ಇಂದಿನ ಸರದಿ. ಇಳಿಸಿಕೊಳ್ಳಲಿ ಪಾಪ. ನಾಳೆ ತನ್ನದು. ಸಂಜೆಯವರೆಗೂ ಅವನು ಆ ಹಾಡನ್ನು ನಿಲ್ಲಿಸಲೇ ಇಲ್ಲ. ಕೋಳಿಗಳಿಗೆ, ಹಂದಿಗೆ, ಗೋಡೆಯ ಮೇಲಿದ್ದ ಸಂತ ನಿಕೊಲಾಯನ ಚಿತ್ರಕ್ಕೂ ಇಲ್ಲ ಇಲ್ಲ ಎನ್ನುತ್ತ ಓಡಾಡಿದ.

ಆರರ ಬಸ್ಸಿಗೆ ಗುಂಡುಗಳನ್ನು ಕಿವಿಯಿಂದ ತೆಗೆದು, ಯಂತ್ರವನ್ನು ಜೇಬಿಗಿಟ್ಟು, ಸಭ್ಯನಾಗಿ ನಿಂತ. ಗಿನಾ ಇಳಿದಳು. ಒಂದು ಕೆನ್ನೆ ಕುಂಬಳಕಾಯಿಯಾಗಿ ಊದಿತ್ತು. ಗದ್ದದಿಂದ ನೆತ್ತಿಗೆ ವಸ್ತ್ರ ಕಟ್ಟಿತ್ತು. ಬಾಯಿಗೆ ಬೆರಳು ತೋರಿಸಿ, ಕೈಚೀಲದಿಂದ ಡಾಕ್ಟರ ಚೀಟಿ ತೆಗೆದು ಕೊಟ್ಟಳು: ಹತ್ತಿ ಕಚ್ಚಿಕೊಂಡಿರಬೇಕು, ರಾತ್ರಿ ಎಂಟು ಗಂಟೆಯವರೆಗೆ ಮಾತಾಡಕೂಡದು. ಆಮೇಲೆ ಅವಳ ಕಣ್ಣು ಹೊಳೆಯ ಕಡೆ ಹೊರಳಿ ಭಟ್ಟಿಯ ಹೊಗೆಯನ್ನು ಕಂಡಿತು. ಊದಿದ ಮುಖದಲ್ಲಿ ಜಾಗವಿದ್ದಷ್ಟು ನಗು ಅರಳಿತು. ಅವಳು ಗಂಡನ ಕೈ ಹಿಡಿದುಕೊಂಡಳು. ಬೀದಿಯಲ್ಲಿ ಅವಳು ಅವನ ಕೈ ಹಿಡಿದು ಇಪ್ಪತ್ತು ವರ್ಷವೇ ಆಗಿತ್ತು.

ಅಂಗಳದಲ್ಲಿ ಪೀಪಾಯಿಗಳನ್ನು ಕಂಡು ಗಿನಾ ನಿಂತಳು. ಒಂದನ್ನು ಗೆಣ್ಣಿನಿಂದ ತಟ್ಟಿದಳು. ತುಂಬಿದ ಪೀಪಾಯಿ ಮೊದ್ದಾಗಿ ಓಗೊಟ್ಟಿತು. ಎರಡನೆಯದನ್ನು ತಟ್ಟಿದಳು. ಮೂರನೆಯದನ್ನು ತಟ್ಟಲಿಲ್ಲ. ಗಂಡನ ಕೈ ಬಿಟ್ಟಳು.

"ಎಲ್ಲ ಇದೆ! ಒಂದು ಹನಿ ಯಾರಿಗೂ ಕೊಟ್ಟಿಲ್ಲ," ಎಂದ ರಂಗೆಲ್, ಎದೆಯುಬ್ಬಿಸಿ. "ಎಲ್ಲರಿಗೂ ಇಲ್ಲ ಅಂದೆ ಗಿನಾ. ಸ್ಪಿರಿದೋನನಿಗೂ ಅಂದೆ!"

ಬೇಲಿಯ ಮೇಲೆ ನೇದಾ ಚಿಕ್ಕಮ್ಮನ ತಲೆ ಕಾಣಿಸಿತು. ತಲೆ ಬಂದಲ್ಲಿಗೆ ಮೈಯೂ ಬಂತು.

"ಅಂದ ಗಿನಾ, ಅಂದ! ನೀನು ಒಂಬತ್ತು ಗಂಟೆಗೆ ನನ್ನ ಮನೆಗೆ ಫೋನ್ ಮಾಡಿ, ಇವತ್ತೇ ಭಟ್ಟಿಗೆ ಹಾಕ್ಬೇಕು, ಹರಲಂಪಿಗೆ ಶನಿವಾರ ಕೊಟ್ಟು ಅವನ ಶುಕ್ರವಾರ ತಗೊಳ್ಳಿ, ಯಾಕೆ ಅಂತ ಕೇಳ್ಬೇಡಿ ಅಂದ್ಯಲ್ಲ, ನಾನು ಕೈ ಕೂಡ ತೊಳೀದೆ ಓಡ್ಬಂದು ಇವನಿಗೆ ಹೇಳ್ದೆ. ನನ್ನ ಗಾಡಿ ತಗೋ, ಎರಡು ಗಂಟೆಗೆ ಸರದಿ ಅಂದೆ. ಬಂಗಾರದಂಥ ಮನುಷ್ಯ, ಹೂಂ ಹೂಂ ಅಂದ. ಬೊಗೊಮಿಲ್ ಅಳಿಯಂದಿರನ್ನ ಕೊಡ್ತೀನಿ ಅಂದ. ಅದಕ್ಕೂ ಹೂಂ. ಹರಲಂಪಿ ಮಗ ನಾಳೆ ಬರ್ತಾನೆ, ಅವನಿಗೂ ಶನಿವಾರಾನೇ ಬೇಕಿತ್ತು, ಖುಷಿಗೆ ಅತ್ತೇಬಿಟ್ಟ. ಊಟ ಆದ್ಮೇಲೆ ಇವನಿಗೆ ಅದೇನ್ ದೆವ್ವ ಹೊಕ್ಕಿತೋ! ನಿನ್ನ ಹೆಂಡ್ತಿ ಫೋನ್ ಮಾಡಿದ್ಲು ಕಣೋ ಅಂತ ಕಿವಿ ತೋರ್ಸಿ ತೋರ್ಸಿ ಹೇಳ್ದೆ. ಇಲ್ಲ, ಇಲ್ಲ, ಇಲ್ಲ! ಇವನು ಬಿಟ್ಟ ಮೇಲೆ ಹರಲಂಪಿ ಏನ್ ಮಾಡ್ತಾನೆ, ತನ್ನ ಪೀಪಾಯೀನೇ ಉರುಳಿಸ್ಕೊಂಡು ಹೋದ. ಅಗೋ ಅವನ ಹೊಗೆ."

ರಂಗೆಲನ ಕಿವಿಗಳು ಈಗ ಕೆಂಪಾದವು. ಅವು ಎರಡೂ ಬಿಚ್ಚಿದ್ದವು, ಒಂದು ಮಾತೂ ತಪ್ಪದಂತೆ ಕೇಳಿಸಿದ್ದವು.

"ಇವತ್ತಾದ್ರೇನು, ನಾಳೆ ಆದ್ರೇನು? ನಾಳೆ ನಮ್ಮ ಶನಿವಾರ ಇದ್ದೇ ಇದೆಯಲ್ಲ," ಎಂದ, ಸಣ್ಣ ದನಿಯಲ್ಲಿ.

ಗಿನಾ ಒಳಗೆ ಹೋದಳು. ವೇಫರಿನ ಉಳಿದ ಹೊದಿಕೆಯೊಂದನ್ನು ತಂದು, ಪೀಪಾಯಿಯ ಮೇಲಿಟ್ಟು, ಪೆನ್ಸಿಲಿನಿಂದ ಒತ್ತಿ ಒತ್ತಿ ಬರೆದಳು. ರಂಗೆಲ್ ಓದಿದ.

"ಹಲ್ಲಿನ ಡಾಕ್ಟರ ಬಾಗಿಲಲ್ಲಿ ಅಬಕಾರಿ ಸಾಹೇಬ ನನ್ನ ಮುಂದೆ ಕೂತಿದ್ದ. ನಾಳೆ ಬೆಳಗಾಗುತ್ತಲೇ ನಮ್ಮೂರಿಗೆ ಬರುತ್ತಾನೆ. ಭಟ್ಟಿ ಮುಚ್ಚಿಸಿ ಸೀಸದ ಮುದ್ರೆ. ವಸಂತದವರೆಗೆ."

ಕೆಳಗೆ ಇನ್ನೂ ಒಂದು ಮಾತು ಬರೆಯಲು ಹೊರಟು, ಪೆನ್ಸಿಲಿನ ಮೊನೆ ಮುರಿದುಹೋಗಿತ್ತು.

"ಈಗ್ಲೇ ಹೋಗಿ ಹರಲಂಪೀನ ಕೇಳಿದ್ರೆ?" ಎಂದ ರಂಗೆಲ್.

"ಹೋಗಿ ಕೇಳು," ಎಂದಳು ನೇದಾ ಚಿಕ್ಕಮ್ಮ. "ಅವನ ಹಂಡೆ ಅರ್ಧ ಇಳಿದಿದೆ. ಅವನ ಕಿವೀಲಿ ಏನೂ ಇಲ್ಲ, ನಿನ್ನ ಮಾತು ಚೆನ್ನಾಗಿ ಕೇಳ್ಸುತ್ತೆ. ಕೇಳಿಸ್ಕೊಂಡು ಗದ್ದ ಎತ್ತಿ ಇಳಿಸ್ತಾನೆ."

ಗಿನಾ ಅಡುಗೆಮನೆಯ ಮೇಜಿನ ಆಚೆಬದಿಗೆ ಕುಳಿತಳು. ಕೈ ಮಡಿಲಲ್ಲಿ, ಕಣ್ಣು ಗೋಡೆಯ ಗಡಿಯಾರದಲ್ಲಿ. ರಂಗೆಲ್ ಈಚೆಬದಿಗೆ ಕುಳಿತ. ನೇದಾ ಚಿಕ್ಕಮ್ಮ ತನ್ನ ಮನೆಗೆ ಹೋದಳು; ಆದರೆ ಸ್ಟೂಲು ಮತ್ತು ಹೆಣೆಯುವ ಉಣ್ಣೆ ತಗೊಂಡು ಬರಲು ಹೋದದ್ದು, ಕೂಡಲೇ ಬಂದು ಬಾಗಿಲ ಬಳಿ ಒಳ್ಳೆಯ ಜಾಗ ಹಿಡಿದಳು. ಏಳೂವರೆಗೆ ಬೊಗೊಮಿಲ್ ಕಿಟಕಿಗೆ ಬಂದ. ಅವನ ಹಿಂದೆ ಅಳಿಯಂದಿರು ಬಂದು ಬೆಳಕು ಮರೆಮಾಡಿದರು. ಎಂಟು ಗಂಟೆಗೆ ಏನು ನಡೆಯುತ್ತದೆಂದು ಊರಿಗೆ ಯಾರೂ ಧ್ವನಿವರ್ಧಕದಲ್ಲಿ ಹೇಳಬೇಕಾಗಿರಲಿಲ್ಲ.

ಎಂಟಕ್ಕೆ ಐದು ನಿಮಿಷವಿತ್ತು. ಗಿನಾ ಗದ್ದದ ವಸ್ತ್ರದ ಗಂಟನ್ನು ನಿಧಾನವಾಗಿ ಸಡಿಲಿಸತೊಡಗಿದಳು.

ರಂಗೆಲ್ ಮೇಜಿನ ಕೆಳಗೆ ಜೇಬಿಗೆ ಕೈ ಹಾಕಿದ. ಯಾರ ಕಣ್ಣಿಗೂ ಬೀಳದಂತೆ ಒಂದು ಗುಂಡನ್ನು ಎಡಗಿವಿಗೆ ಸೇರಿಸಿದ, ಇನ್ನೊಂದನ್ನು ಬಲಗಿವಿಗೆ. ಗುಂಡಿ ಒತ್ತಿದ. ಯಂತ್ರದ ಪುಟ್ಟ ಕಿಟಕಿ ಹಸಿರಾಗಿ ಬೆಳಗಿತು. ಹಿತ್ತಾಳೆ ವಾದ್ಯ ಒಮ್ಮೆ ಧಂ ಎಂದಿತು. ಕಿಟಕಿಯಲ್ಲಿ ಬರಿದಾದ ಬ್ಯಾಟರಿಯ ಚಿತ್ರ ಮೂರು ಸಲ ಮಿನುಗಿ ಆರಿತು.

ಗಡಿಯಾರ ಎಂಟು ಹೊಡೆಯಿತು. ಗಿನಾ ಬಾಯೊಳಗಿನ ಹತ್ತಿಯನ್ನು ತೆಗೆದು ತಟ್ಟೆಯಲ್ಲಿಟ್ಟಳು.

"ಹಾಂ," ಎಂದಳು. "ಈಗ ಕೇಳು."